ಸ್ಟ್ರೋಕ್ ಆದ ಮೇಲೆ ಕಾಲಿಗೆ ಕರೆಂಟ್ ಕೊಟ್ಟರೆ ನಡಿಗೆ ಸುಧಾರಿಸುತ್ತದೆಯೇ?

ಸ್ಟ್ರೋಕ್ ಆಗಿ ಎಂಟು ತಿಂಗಳಾದರೂ ನಿಮ್ಮ ತಂದೆಯ ಎಡಗಾಲಿನ ಬೆರಳು ನೆಲಕ್ಕೆ ಉಜ್ಜುತ್ತದೆ, ಕರೆಂಟ್ ಕೊಡುವ ಮೆಷಿನ್ ಹಾಕಿಸಬಹುದಾ ಅಂತ ಕೇಳಿದ್ದೀರಿ. ನಮ್ಮ ಅಮ್ಮನಿಗೂ ಹೀಗೇ ಆಗಿತ್ತು. ಎರಡು ವರ್ಷದಿಂದ ಅವರ ಕಾಲಿಗೆ ಪ್ಯಾಡ್ ಅಂಟಿಸುವವಳು ನಾನೇ. ಅವರಿಗಂತೂ ತುಂಬಾ ಉಪಯೋಗ ಆಗಿದೆ.

ಸ್ಟ್ರೋಕ್‌ನಲ್ಲಿ ಪೆಟ್ಟು ಬೀಳುವುದು ಮೆದುಳಿಗೆ. ಕಾಲಿನ ನರ ಸರಿಯಾಗಿಯೇ ಇರುತ್ತದೆ, ಮೇಲಿನಿಂದ ಅಪ್ಪಣೆ ಬರುವುದಿಲ್ಲ ಅಷ್ಟೆ. ಎಫ್‌ಇಎಸ್ (ಫಂಕ್ಷನಲ್ ಎಲೆಕ್ಟ್ರಿಕಲ್ ಸ್ಟಿಮ್ಯುಲೇಷನ್) ಎನ್ನುವ ಮೆಷಿನ್ ಕರೆಂಟ್ ಮೂಲಕ ಆ ಅಪ್ಪಣೆ ಕೊಡುವ ಕೆಲಸ ಮಾಡುತ್ತದೆ. ಮೊಣಕಾಲಿನ ಕೆಳಗೆ ಹೊರಬದಿಯಲ್ಲಿ ಹಾದುಹೋಗುವ ನರದ ಮೇಲೆ, ಚರ್ಮಕ್ಕೆ ಪ್ಯಾಡ್ ಅಂಟಿಸುತ್ತಾರೆ. ಆಪರೇಷನ್ ಏನೂ ಇಲ್ಲ. ಶೂ ಒಳಗೆ ಹಿಮ್ಮಡಿಯ ಕೆಳಗೆ ಒಂದು ಸ್ವಿಚ್ ಇರುತ್ತದೆ. ಹಿಮ್ಮಡಿ ಎತ್ತಿದ ಕೂಡಲೇ ಕರೆಂಟ್ ಹರಿದು ಪಾದ ಮೇಲೇಳುತ್ತದೆ. ಲಿಬರ್ಸನ್ ಎಂಬ ವೈದ್ಯರು ಮತ್ತು ಸಂಗಡಿಗರು 1961ರಲ್ಲೇ ಇದನ್ನು ಮಾಡಿ ತೋರಿಸಿದ್ದರು. ಈಗ ಸ್ವಿಚ್ ಬದಲು ಸೆನ್ಸರ್ ಇರುವ ಮೆಷಿನ್‌ಗಳೂ ಇವೆ.

ಪ್ಯಾಡ್ ಜಾಗವೇ ಇಲ್ಲಿ ಮುಖ್ಯ. ಮೊದಲ ದಿನ ಅಮ್ಮನ ಪಾದ ಮೇಲೇಳುವ ಬದಲು ಹೊರಗೆ ತಿರುಗಿತು. ಫಿಸಿಯೋ ಪ್ಯಾಡನ್ನು ಒಂದು ಬೆರಳಿನಷ್ಟು ಸರಿಸಿದರು, ನೆಟ್ಟಗೆ ಎದ್ದಿತು. ತಕ್ಷಣ ಅದರ ಸುತ್ತ ಪೆನ್ನಿನಲ್ಲಿ ಗೆರೆ ಎಳೆದೆ. ಸ್ನಾನದಲ್ಲಿ ಅಳಿಸಿದರೆ ಮತ್ತೆ ಎಳೆಯುತ್ತೇನೆ. ಶುರುವಿನಲ್ಲಿ ಜುಮ್ಮೆನ್ನುತ್ತದೆ, ಆಮೇಲೆ ರೂಢಿಯಾಗುತ್ತದೆ. ದಿನವೂ ಚರ್ಮ ನೋಡಿ, ಕೆಲವರಿಗೆ ಕೆಂಪಗಾಗುತ್ತದೆ.

ಆದರೆ ಸುಮ್ನೆ ಕೂರಿಸಿ ಕರೆಂಟ್ ಕೊಟ್ಟರೆ ಸಾಲದು, ಹಾಕಿಕೊಂಡು ನಡೆಯಬೇಕು. ಮೆಷಿನ್ ತೆಗೆದ ಮೇಲೂ ಸ್ವಲ್ಪ ಸುಧಾರಣೆ ಕೆಲವರಲ್ಲಿ ಉಳಿಯುತ್ತದೆ, ಎಲ್ಲರಲ್ಲೂ ಅಲ್ಲ. ಕಾಲಿಗೆ ಹಾಕುವ ಪ್ಲಾಸ್ಟಿಕ್ ಪಟ್ಟಿ, ಅಂದರೆ ಎಎಫ್‌ಒ ಕೂಡ ನಡಿಗೆಯ ವೇಗವನ್ನು ಹೆಚ್ಚುಕಡಿಮೆ ಇಷ್ಟೇ ಹೆಚ್ಚಿಸುತ್ತದೆ. ಹಾಗಾಗಿ ಅದನ್ನೂ ಹಾಕಿಸಿ ನೋಡಿ.

ತಲೆಗೆ ಪ್ಯಾಡ್ ಇಟ್ಟು ಮೆದುಳಿಗೆ 1-2 ಮಿಲಿಆಂಪ್‌ನಷ್ಟು ಸಣ್ಣ ಕರೆಂಟ್ ಕೊಡುವ ಟಿಡಿಸಿಎಸ್ ಎನ್ನುವ ಚಿಕಿತ್ಸೆ ಬೇರೆ ವಿಷಯ. ಅದರ ಫಲಿತಾಂಶಗಳು ಇನ್ನೂ ಒಂದೇ ರೀತಿ ಬಂದಿಲ್ಲ. ನಾನಾದರೆ ಮೊದಲು ಪಾದದ ಕಡೆ ಗಮನ ಕೊಡುತ್ತೇನೆ.

ಪೇಸ್‌ಮೇಕರ್ ಇದ್ದರೆ, ಫಿಟ್ಸ್ ಬರುತ್ತಿದ್ದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ. ಕೊಳ್ಳುವ ಮೊದಲು ಫಿಸಿಯೋ ಮುಂದೆ, ಮೆಷಿನ್ ಇಲ್ಲದೆ ಹತ್ತು ಮೀಟರ್, ಹಾಕಿ ಹತ್ತು ಮೀಟರ್ ನಡೆಸಿ. ಪಕ್ಕದಲ್ಲೇ ನಿಂತು ಕಿವಿಗೊಡಿ. ಬೆರಳು ಉಜ್ಜುವ ಸದ್ದು ನಿಂತರೆ ನಿಮಗೇ ಗೊತ್ತಾಗುತ್ತದೆ.