ಜೈಲಿನ ಸಾಮರ್ಥ್ಯಕ್ಕೆ ಯಾವ ಸಂಖ್ಯೆ?

ಕ್ಯಾಲಿಫೋರ್ನಿಯಾದ ಕೌಂಟಿ (ಜಿಲ್ಲೆಯಂಥ ಆಡಳಿತ ಘಟಕ) ಜೈಲಿಗಾಗಿ ಹೊಸ ಮನೆಗಳ ಮೇಲೆ ಅಭಿವೃದ್ಧಿ ಶುಲ್ಕ (ಹೊಸ ನಿವಾಸಿಗಳಿಂದ ಹೆಚ್ಚುವ ಸೌಲಭ್ಯಗಳ ಖರ್ಚಿಗೆ ಪಡೆಯುವ ಹಣ) ಹಾಕುವಾಗ ಒಟ್ಟು ಹಾಸಿಗೆಗಳನ್ನೇ ಸಾಮರ್ಥ್ಯವೆಂದು ಎಣಿಸಬಹುದೇ ಎಂದು ಕೇಳಿದ್ದೀರಿ. ಬೇಡ. ಮಹಿಳೆಯರು, ಮಾನಸಿಕ ಅಸ್ವಸ್ಥರು, ಪರಸ್ಪರ ವೈರಿ ಗುಂಪಿನವರು ಇವರನ್ನೆಲ್ಲ ಬೇರೆ ಬೇರೆಯಾಗಿ ಇರಿಸಬೇಕು. ಹಾಗಾಗಿ ಒಂದು ವಿಭಾಗದಲ್ಲಿ ಖಾಲಿ ಬಿದ್ದ ಹಾಸಿಗೆ ಇನ್ನೊಂದು ವಿಭಾಗದ ಕೈದಿಗೆ ದಕ್ಕುವುದಿಲ್ಲ. ಬಂಧನಗಳು ಏಕಾಏಕಿ ಏರುವ ದಿನಗಳಿಗೂ ಜಾಗ ಬೇಕು. ಶೇ 85ರಿಂದ 90 ತುಂಬಿದರೆ ಜೈಲು ಭರ್ತಿಯೆಂದೇ ಯೋಜಕರು ಸಾಮಾನ್ಯವಾಗಿ ಹಿಡಿಯುತ್ತಾರೆ. 400 ಹಾಸಿಗೆಗಳಿದ್ದರೆ ಬಳಕೆಗೆ ಸಿಗುವುದು 340ರಿಂದ 360.

ನೀವು ಕೇಳದಿದ್ದರೂ ಹೇಳಬೇಕಾದದ್ದು: ಜೈಲಿನಲ್ಲಿ ಈಗಾಗಲೇ ಇರುವ ಕೊರತೆಯ ಖರ್ಚನ್ನು ಹೊಸ ಮನೆಯವರ ತಲೆಗೆ ಕಟ್ಟಲು ಅಲ್ಲಿನ ಶುಲ್ಕ ಕಾನೂನು ಬಿಡುವುದಿಲ್ಲ. ಅದೇ ರಾಜ್ಯದ ಎಲ್ ಡೊರಾಡೋ ಕೌಂಟಿಯ ರಸ್ತೆ ಶುಲ್ಕದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಶಾಸನದ ಮೂಲಕ ವಿಧಿಸಿದ ಶುಲ್ಕಕ್ಕೂ ಸಾಂವಿಧಾನಿಕ ಪರಿಶೀಲನೆಯಿಂದ ವಿನಾಯಿತಿಯಿಲ್ಲ ಎಂದು 2024ರಲ್ಲಿ ತೀರ್ಪಿತ್ತಿದೆ. ಲೆಕ್ಕದ ಕಡತವನ್ನು ಗಟ್ಟಿಯಾಗಿಟ್ಟುಕೊಳ್ಳಿ.