ನಕ್ಷೆಯಲ್ಲಿ ಸುತ್ತಿದ ಮಕ್ಕಳಿಗೆ ಕಲ್ಲಿನ ಗುರುತು ಸಿಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಬಸವನಗುಡಿಯ ಶಾಲೆಯೊಂದರಲ್ಲಿ ಟೀಚರ್. ಶಿಲೆಗಳ ಪಾಠಕ್ಕೆಂದು ಏಳನೇ ತರಗತಿಯ ಮಕ್ಕಳಿಗೆ ಗೂಗಲ್ ಅರ್ಥ್‌ನಲ್ಲಿ ಪ್ರಪಂಚದ ಹತ್ತಾರು ಜಾಗ ಸುತ್ತಿಸಿದೆ. ತುಂಬಾ ಖುಷಿಪಟ್ಟರು. ಆದರೆ ಮಾರನೇ ದಿನ ಎರಡು ಕಲ್ಲು ಕೈಗೆ ಕೊಟ್ಟರೆ, ಯಾವುದು ಅಗ್ನಿಶಿಲೆ (ಕರಗಿದ ಕಲ್ಲು ಆರಿ ಆದದ್ದು), ಯಾವುದು ಪದರು ಶಿಲೆ (ಮರಳು, ಕೆಸರು ಪದರವಾಗಿ ಕೂತು ಗಟ್ಟಿಯಾದದ್ದು) ಅಂತ ಯಾರಿಗೂ ಹೇಳಲು ಬರಲಿಲ್ಲ. ಟೂರ್ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ಮೇಡಂ. ಕ್ರಮ ಬದಲಿಸಿ ಸಾಕು. ಉಪಗ್ರಹದ ಚಿತ್ರದಲ್ಲಿ ಕಾಣುವುದು ನೆಲದ ಆಕಾರ. ಕಲ್ಲು ಯಾವುದು ಅಂತ ಗೊತ್ತಾಗುವುದು ಅದರೊಳಗಿನ ಹರಳು, ಕಣ, ಪಟ್ಟೆಗಳಿಂದ. ಅಷ್ಟು ಸಣ್ಣದು ಆಕಾಶದಿಂದ ಕಾಣುವುದಿಲ್ಲ. ಹಾಗಾಗಿ ಕಲ್ಲು ಮೊದಲು ಕೈಗೆ ಬರಲಿ, ನಕ್ಷೆ ಆಮೇಲೆ ತೆರೆಯಲಿ.

ಕಲ್ಲಿಗಾಗಿ ದೂರ ಹೋಗಬೇಕಿಲ್ಲ. ಗ್ರಾನೈಟ್ ಅಂಗಡಿಯಲ್ಲಿ ಕೇಳಿದರೆ ಒಡೆದ ಚೂರು ಕೊಡುತ್ತಾರೆ. ಮಿರಿಮಿರಿ ಹರಳು ಕಾಣುವ ಬೂದು ಅಥವಾ ಗುಲಾಬಿ ಚೂರನ್ನೇ ಆರಿಸಿ. ಅಡುಗೆಮನೆಗೆ ಹಾಕುವ 'ಕಪ್ಪು ಗ್ರಾನೈಟ್' ಎಷ್ಟೋ ಸಲ ಗ್ರಾನೈಟ್ ಅಲ್ಲ, ಡಾಲರೈಟ್. ಅದೂ ಅಗ್ನಿಶಿಲೆಯೇ, ಆದರೆ ಮೊದಲ ದಿನವೇ ಈ ಗೊಂದಲ ಬೇಡ. ಪದರು ಶಿಲೆಗೆ ಕಡಪ ಕಲ್ಲು ಅಥವಾ ಶಹಾಬಾದ್ ಕಲ್ಲಿನ ತುಂಡು ಸಾಕು. ಎರಡೂ ಸುಣ್ಣಕಲ್ಲುಗಳು. ಎರಡು ಚೂರಿನ ಮೇಲೂ ಒಂದೊಂದು ಹನಿ ನಿಂಬೆರಸ ಹಾಕಿಸಿ. ಕಡಪ ಕಲ್ಲಿನ ಹೊಳಪು ಹೋಗುತ್ತದೆ, ಗ್ರಾನೈಟ್‌ಗೆ ಏನೂ ಆಗುವುದಿಲ್ಲ. ಕಾರಣವನ್ನು ನೀವು ಹೇಳಬೇಡಿ, ಅವರೇ ಕೇಳಲಿ.

ನೀವು ಬಸವನಗುಡಿಯಲ್ಲಿದ್ದೀರಿ, ಲಾಲ್‌ಬಾಗ್ ಪಕ್ಕದಲ್ಲೇ ಇದೆ ಅಲ್ವಾ? ಅಲ್ಲಿನ ಬಂಡೆ ನೈಸ್ (gneiss) ಎಂಬ ಕಲ್ಲು, ಅಂದರೆ ಶಾಖ, ಒತ್ತಡದಿಂದ ರೂಪ ಬದಲಾದ ರೂಪಾಂತರ ಶಿಲೆ. ವಯಸ್ಸು ಸುಮಾರು 300 ಕೋಟಿ ವರ್ಷ. ಕೆಂಪೇಗೌಡ ಗೋಪುರ ನಿಂತಿರುವುದು ಇದರ ಮೇಲೆಯೇ. ಬಿಳಿ, ಕಪ್ಪು ಪಟ್ಟೆಗಳು ಅಂಕುಡೊಂಕಾಗಿ ಓಡುವುದನ್ನು ಮಕ್ಕಳು ಬೆರಳಿಟ್ಟು ಹಿಂಬಾಲಿಸಲಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಕೆರೆಯುವುದು, ಒಡೆಯುವುದು ಬೇಡ. ತರಗತಿಗೆ ಬಂದ ಮೇಲೆ ಅದೇ ಬಂಡೆಯನ್ನು ನಕ್ಷೆಯಲ್ಲಿ ತೋರಿಸಿ. ಮರಗಳ ನಡುವೆ ಬೋಳು ಜಾಗ, ಅಷ್ಟೇ. ಪಟ್ಟೆ ಎಲ್ಲಿ ಹೋಯಿತು ಅಂತ ಕೇಳಿ. ನಕ್ಷೆಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎನ್ನುವುದು ಅಲ್ಲೇ ತಿಳಿಯುತ್ತದೆ.

ಇನ್ನು ಟೂರ್. ಹತ್ತಾರು ಜಾಗ ಜಾಸ್ತಿಯಾಯಿತು, ನಾಲ್ಕು ಸಾಕು.

ರಾಮನಗರದಿಂದ ಶುರು ಮಾಡಿ. ಆ ಗುಂಡುಬೆಟ್ಟಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ನೆಲದಾಳದಲ್ಲಿ ನಿಧಾನವಾಗಿ ಆರಿದ್ದರಿಂದಲೇ ಹರಳು ಕಣ್ಣಿಗೆ ಕಾಣುವಷ್ಟು ದಪ್ಪ. ಮೇಲಿದ್ದ ನೆಲ ಸವೆದು ಬೆಟ್ಟ ಹೊರಗೆ ಬಂತು. ನಕ್ಷೆಯನ್ನು ಓರೆ ಮಾಡಿ ನೋಡುವಾಗ ಗ್ರಾನೈಟ್ ಚೂರು ಮಕ್ಕಳ ಕೈಯಲ್ಲೇ ಇರಲಿ.

ನನ್ನನ್ನು ಕೇಳಿದರೆ, ಅರ್ಧ ಪೀರಿಯಡ್ ಮುಂದಿನ ಎರಡು ಜಾಗಗಳಿಗೇ ಕೊಡಿ: ಬಾದಾಮಿ ಮತ್ತು ಮಹಾಬಲೇಶ್ವರ. ಬಾದಾಮಿಯ ಅಗಸ್ತ್ಯ ತೀರ್ಥದ ಸುತ್ತಲಿನ ಕೆಂಪು ಬಂಡೆಯಲ್ಲಿ ಪದರಗಳಿವೆ. ಮಹಾಬಲೇಶ್ವರದ ಕಣಿವೆಯ ಗೋಡೆಯಲ್ಲೂ ಪದರಗಳಿವೆ. ಇವೆರಡೂ ಪದರು ಶಿಲೆಯೇ ಅಂತ ಕೇಳಿ ನೋಡಿ. ಎಲ್ಲರೂ ಹೌದು ಅನ್ನುತ್ತಾರೆ. ಆದರೆ ಬಾದಾಮಿಯದು ಮರಳು ಒಂದರ ಮೇಲೊಂದು ಕೂತು ಗಟ್ಟಿಯಾದ ಮರಳುಗಲ್ಲು. ಮಹಾಬಲೇಶ್ವರದ್ದು ಬಸಾಲ್ಟ್. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಮತ್ತೆ ಮತ್ತೆ ಹರಿದು, ಒಂದರ ಮೇಲೊಂದು ಆರಿ, ಮೆಟ್ಟಿಲಿನಂತಾಯಿತು. ಆಕಾರ ಒಂದೇ ಥರ, ಹುಟ್ಟು ಬೇರೆ. ಇಲ್ಲಿ ಮತ್ತೆ ಕಲ್ಲು ಹಂಚಿ. ಮರಳುಗಲ್ಲು ಬೆರಳಿಗೆ ತರಿತರಿ, ಕಣ ಕಣವಾಗಿ ಕಾಣುತ್ತದೆ. ಬಸಾಲ್ಟ್ ಕಪ್ಪು, ಭಾರ, ಹರಳು ಕಣ್ಣಿಗೆ ಕಾಣದಷ್ಟು ಸಣ್ಣ. ಗೋಡೆಗೆ ಅಂಟಿಸುವ ಕಲ್ಲು ಮಾರುವಲ್ಲಿ ಮರಳುಗಲ್ಲು ಸಿಗುತ್ತದೆ. ವಿಜಯಪುರದ ಕಡೆ ನೆಂಟರಿರುವ ಮಕ್ಕಳಿದ್ದರೆ ಬಸಾಲ್ಟ್ ತರಿಸಬಹುದು, ಅಲ್ಲಿಯ ಕರಿಮಣ್ಣೂ ಇದೇ ಕಲ್ಲಿನದು.

ಕೊನೆಗೆ ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪ. ಲಾವಾ ಆರುವಾಗ ಕುಗ್ಗಿ, ಬಿರುಕು ಬಿಟ್ಟು, ಕಂಬಗಳಾಗಿವೆ. ಮೇಲಿಂದ ಇದು ಕಾಣುವುದಿಲ್ಲ, ನೆಲದಿಂದ ತೆಗೆದ ಫೋಟೋ ತೋರಿಸಿ. ಆಮೇಲೆ ಭೂಗೋಳವನ್ನು ಮಡಗಾಸ್ಕರ್‌ವರೆಗೆ ಎಳೆಯಿರಿ. ಸುಮಾರು 8.8 ಕೋಟಿ ವರ್ಷದ ಹಿಂದೆ ಆ ನೆಲ ನಮ್ಮಿಂದ ಬೇರೆಯಾದ ಕಾಲದ ಲಾವಾ ಇದು. ಇಷ್ಟು ದೂರವನ್ನು ಒಂದೇ ನೋಟದಲ್ಲಿ ಕಾಣಿಸಲು ಯಾವ ಕಲ್ಲಿನ ಚೂರಿಗೂ ಆಗದು. ಟೂರ್ ಬಿಡಬೇಡಿ ಅಂದಿದ್ದು ಇದಕ್ಕೇ.

ಪ್ರತಿ ಜಾಗದಲ್ಲೂ ಹೆಸರು ಹೇಳುವ ಮುಂಚೆ ಒಂದು ನಿಮಿಷ ಸುಮ್ನೆ ನೋಡಲು ಬಿಡಿ. ಪಿನ್‌ನ ಟಿಪ್ಪಣಿಯಲ್ಲೂ ಉತ್ತರದ ಬದಲು ಪ್ರಶ್ನೆಯನ್ನೇ ಬರೆದಿಡಿ. ಬೇರೆ ಜಾಗ ಸೇರಿಸಬೇಕೆನಿಸಿದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ನಕ್ಷೆಯಲ್ಲಿ ಅಲ್ಲಿನ ಶಿಲೆ ಯಾವುದು ಅಂತ ಮೊದಲೇ ಖಚಿತ ಮಾಡಿಕೊಳ್ಳಿ. ಶಾಲೆಯ ನೆಟ್ ನಿಧಾನವಾಗಿದ್ದರೆ, ಮನೆಯಲ್ಲೇ ಟೂರ್ ನಡೆಸಿ ಸ್ಕ್ರೀನ್ ರೆಕಾರ್ಡ್ ಮಾಡಿ ತನ್ನಿ. ಮಕ್ಕಳು ಕೇಳಿದಲ್ಲಿ ನಿಲ್ಲಿಸಲೂ ಅದೇ ಸುಲಭ.