ನಡುರಾತ್ರಿ ಎದೆಯ ಮೇಲೆ ಕೂರುವುದು ಯಾರು?

ಪ್ರಶ್ನೆ: ನನಗೆ 29 ವರ್ಷ, ಬೆಂಗಳೂರಿನಲ್ಲಿ ಶಿಫ್ಟ್ ಕೆಲಸ. ಮೂರು ತಿಂಗಳಿಂದ ಬೆಳಗಿನ ಜಾವ ಎಚ್ಚರವಾದರೆ ಕೈಕಾಲು ಆಡುವುದಿಲ್ಲ. ಎದೆ ಮೇಲೆ ಯಾರೋ ಕೂತ ಹಾಗೆ, ಬಾಗಿಲ ಬಳಿ ಕಪ್ಪು ಆಕೃತಿ. ಖಿನ್ನತೆಗೆ ಡಾಕ್ಟರ್ ಕೊಟ್ಟ ಮಾತ್ರೆ ಐದು ತಿಂಗಳಿಂದ ತಗೊಳ್ತಿದ್ದೇನೆ. ಅತ್ತಿಗೆ ಕರೆದೊಯ್ದ ಬಿಡುಗಡೆ ಕೂಟದಲ್ಲಿ (ದೆವ್ವ, ಶಾಪ ಬಿಡಿಸುವ ಪ್ರಾರ್ಥನಾ ಕೂಟ) ಒಬ್ಬ ಬ್ರದರ್, "ಇದು ಅಜ್ಜಿ ಕಡೆಯ ಶಾಪ. ಮಾತ್ರೆ ಅಂದರೆ ಅವಿಶ್ವಾಸ, ಬಿಡು. 21 ದಿನ ಉಪವಾಸ ಮಾಡು. ನಿಮ್ಮ ಸಭಾಪಾಲಕರಿಗೆ (ಪಾಸ್ಟರ್‌ಗೆ) ಹೇಳಬೇಡ" ಅಂದರು. ಶಾಪ ಮುರಿಯುವ ಪ್ರಾರ್ಥನೆಗೆ 15 ಸಾವಿರ ಕಾಣಿಕೆಯಂತೆ. ಯಜಮಾನರಿಗೆ ಇದು ಇಷ್ಟವಿಲ್ಲ, ದಿನಾ ಜಗಳ. ನಾನು ಹೋರಾಡುತ್ತಿರುವುದು ಯಾರ ಜೊತೆ?

ಉತ್ತರ: ಸಹೋದರಿ, ಮೊದಲು ಮಾತ್ರೆಯ ಮಾತು. ಇವತ್ತು ರಾತ್ರಿಯದನ್ನು ತಪ್ಪಿಸಬೇಡಿ. ಖಿನ್ನತೆಯ ಮಾತ್ರೆಯನ್ನು ತಟ್ಟನೆ ಬಿಟ್ಟರೆ ಕೆಲವೇ ದಿನಗಳಲ್ಲಿ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಝುಮ್ಮೆನಿಕೆ, ಸಿಡುಕು, ವಿಕಾರ ಕನಸು ಶುರುವಾಗಬಹುದು. ಈ ಬಗೆಯ ಹೆಚ್ಚಿನ ಮಾತ್ರೆಗಳು ಕನಸಿನ ನಿದ್ದೆಯನ್ನು ತಗ್ಗಿಸಿಟ್ಟಿರುತ್ತವೆ. ಬಿಟ್ಟೊಡನೆ ಅದು ಬಡ್ಡಿ ಸಮೇತ ವಾಪಸ್ ಬರುತ್ತದೆ. ಆಗ ಕೂಟದಲ್ಲಿ ಏನನ್ನುತ್ತಾರೆ? "ನೋಡಿ, ದುರಾತ್ಮ ರೊಚ್ಚಿಗೆದ್ದಿದೆ." ಬಿಡುವುದಿದ್ದರೆ ಬರೆದುಕೊಟ್ಟ ಡಾಕ್ಟರೇ ಹಂತಹಂತವಾಗಿ ಇಳಿಸಬೇಕು. ಔಷಧಿ ಅವಿಶ್ವಾಸವಾಗಿದ್ದರೆ, ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬೈಬಲಿನಲ್ಲಿ ಅಪೊಸ್ತಲ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆಯುತ್ತಿದ್ದನೇ?

ಇನ್ನು ಆ ಭಾರ. ನೀವು ಬರೆದದ್ದು ಸಾಲುಸಾಲಾಗಿ ನಿದ್ರಾ ಪಾರ್ಶ್ವವಾಯು ಎಂಬ ಸ್ಥಿತಿಗೆ ಹೊಂದುತ್ತದೆ. ಹೆಸರಿಗೆ ಹೆದರಬೇಡಿ, ಲಕ್ವಕ್ಕೂ ಇದಕ್ಕೂ ನಂಟಿಲ್ಲ. ಕನಸು ಬೀಳುವ ಹೊತ್ತಿನಲ್ಲಿ ನಾವು ಎದ್ದು ಓಡದಿರಲೆಂದು ಮಿದುಳು ಮೈಯ ಸ್ನಾಯುಗಳನ್ನು ಸಡಿಲಿಸಿಟ್ಟಿರುತ್ತದೆ. ಒಮ್ಮೊಮ್ಮೆ ಮನಸ್ಸು ಮೊದಲು ಎಚ್ಚೆತ್ತು ಮೈ ಹಿಂದುಳಿಯುತ್ತದೆ. ಆ ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ, ಕಣ್ಣು ಕೋಣೆಯನ್ನು ನೋಡುತ್ತಿರುತ್ತದೆ, ಕನಸು ಇನ್ನೂ ಮುಗಿದಿರುವುದಿಲ್ಲ. ಪಾಳಿ ಕೆಲಸ, ನಿದ್ದೆಗೇಡು, ಅಂಗಾತ ಮಲಗುವುದು ಇದನ್ನು ಹೆಚ್ಚಿಸುತ್ತವೆ. ರಾತ್ರಿಯಿಡೀ ಪ್ರಾರ್ಥನೆ, ಹಸಿದ ಹೊಟ್ಟೆ ಸೇರಿದರೆ ನಿದ್ದೆ ಇನ್ನೂ ಕೆಡುತ್ತದೆ, ಒತ್ತುವುದು ಹೆಚ್ಚುತ್ತದೆ, ಹೆಚ್ಚಿತೆಂದು ಮತ್ತೊಂದು ಉಪವಾಸ ಹೇಳುತ್ತಾರೆ. ಗಾಣದೆತ್ತಿನ ಸುತ್ತು ಇದು.

ಮಗ್ಗುಲಾಗಿ ಮಲಗಿ, ಹೊರಳದಂತೆ ಬೆನ್ನಿಗೆ ದಿಂಬು ಒತ್ತಿಟ್ಟುಕೊಳ್ಳಿ. ಮಲಗುವ ಆರು ಗಂಟೆ ಮೊದಲೇ ಕಾಫಿ, ಟೀ ನಿಲ್ಲಿಸಿ. ಅದು ಬಂದಾಗ ಕೊಡವಿಕೊಂಡು ಏಳಲು ಒದ್ದಾಡಬೇಡಿ, ದಿಗಿಲು ಹೆಚ್ಚುತ್ತದೆ. ಒಂದು ಕಾಲ್ಬೆರಳನ್ನಷ್ಟೇ ಅಲ್ಲಾಡಿಸಲು ನೋಡಿ, ಉಸಿರನ್ನು ನಿಧಾನಕ್ಕೆ ಬಿಡಿ, ಮನಸ್ಸಿನಲ್ಲೇ "ಯೇಸುವೇ" ಎನ್ನಿ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಮಲಗಿದ ಹೊತ್ತು, ಮಲಗಿದ ಭಂಗಿ, ಬಂದ ಹೊತ್ತು ಬರೆದು ಡಾಕ್ಟರಿಗೆ ತೋರಿಸಿ. ಹಗಲಲ್ಲೂ ತಡೆಯಲಾರದ ನಿದ್ದೆ, ನಕ್ಕಾಗ ಮಂಡಿ ಕುಸಿಯುವುದು, ಜೋರು ಗೊರಕೆ ಇದ್ದರೆ ಅದನ್ನೂ ಹೇಳಿ. ಹಗಲಲ್ಲಿ ಧ್ವನಿಗಳು ಕೇಳಿಸಿದರೆ ಎರಡು ವಾರ ಕಾಯಬೇಡಿ, ಅಂದೇ ಹೋಗಿ. ಸಾಯಬೇಕೆನಿಸಿದರೆ ಯಾವ ಹೊತ್ತಿನಲ್ಲಾದರೂ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಹಾಗಾದರೆ ಸೈತಾನನೇ ಇಲ್ಲವೇ ಎಂದು ಕೇಳುತ್ತೀರಿ. ಇದ್ದಾನೆ. ಆದರೆ ಅವನು ನುಗ್ಗುವ ಸಂದು ಯಾವುದೆಂದು ಪೌಲನೇ ಬರೆದಿದ್ದಾನೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಎಲ್ಲರೂ 6ನೇ ಅಧ್ಯಾಯದ ಸರ್ವಾಯುಧಗಳನ್ನು (ನಂಬಿಕೆಯೆಂಬ ಗುರಾಣಿಯಂಥ ಆತ್ಮಿಕ ಆಯುಧಗಳನ್ನು) ಬಾಯಿಪಾಠ ಮಾಡುತ್ತಾರೆ, 4:26-27ನ್ನು ದಾಟಿಬಿಡುತ್ತಾರೆ: ಹೊತ್ತು ಮುಳುಗುವ ಮೊದಲು ಸಿಟ್ಟು ತೀರಲಿ, ಸೈತಾನನಿಗೆ ಎಡೆಗೊಡಬೇಡಿ. ನಿಮ್ಮ ಮನೆಯಲ್ಲಿ ತೆರೆದಿರುವ ಬಾಗಿಲು ಅಜ್ಜಿಯ ಕಾಲದ್ದಲ್ಲ, ನಿನ್ನೆ ರಾತ್ರಿಯ ಜಗಳದ್ದು. ಯಜಮಾನರು ವೈರಿಯಲ್ಲ, ನಮ್ಮ ಹೋರಾಟ ಮನುಷ್ಯಮಾತ್ರದವರ ಸಂಗಡವಲ್ಲ ಎಂದು 6:12 ಹೇಳುವುದೂ ಅದನ್ನೇ. ಮಾತ್ರೆ ಬಿಡುವುದಿಲ್ಲವೆಂದು, ದುಡ್ಡು ಕೊಡುವುದಿಲ್ಲವೆಂದು ಅವರಿಗೆ ಇವತ್ತೇ ಹೇಳಿ. ಅರ್ಧ ಜಗಳ ಅಲ್ಲಿಗೇ ಇಳಿಯಬಹುದು.

ಆಯುಧಗಳ ಆ ಭಾಗದಲ್ಲಿ ಮತ್ತೆ ಮತ್ತೆ ಬರುವ ಮಾತು "ನಿಲ್ಲಿ" ಎಂಬುದು. ದೆವ್ವ ಹುಡುಕಿಕೊಂಡು ಹೊರಡಿ ಎಂದು ಎಲ್ಲೂ ಇಲ್ಲ. ಗುರಾಣಿಗೆ ಪೌಲ ಬಳಸುವ ಗ್ರೀಕ್ ಪದದ ಬೇರು ಬಾಗಿಲು: ರೋಮನ್ ಸೈನಿಕರ ಆಳುದ್ದದ ಗುರಾಣಿ, ಪಕ್ಕದವನದಕ್ಕೆ ಜೋಡಿಸಿ ಗೋಡೆ ಕಟ್ಟುವಂಥದ್ದು. "ಧರಿಸಿಕೊಳ್ಳಿರಿ" ಎಂಬುದನ್ನು ನಾವು ಒಬ್ಬರಿಗೆ ಹೇಳುವ ಮರ್ಯಾದೆಯ ಮಾತಿನಂತೆ ಓದಿಕೊಳ್ಳುತ್ತೇವೆ. ಮೂಲದಲ್ಲಿ ಅದು ಬಹುವಚನ, ಇಡೀ ಸಭೆಗೆ ಹೇಳಿದ್ದು. ಅದಕ್ಕೇ ಆ ಬ್ರದರ್ ಹೇಳಿದ ಮಾತುಗಳಲ್ಲಿ ನನಗೆ ಅತಿ ಅಪಾಯವೆನಿಸಿದ್ದು "ಹೇಳಬೇಡ" ಎಂಬುದು. ಹೆಣ್ಣನ್ನು ವಂಚಿಸುವ ಕಪಟ ಪ್ರೇಮಿಯಂತೆ ಸೈತಾನ ಗುಟ್ಟನ್ನು ಬಯಸುತ್ತಾನೆ, ಗುಟ್ಟು ಬಯಲಾದರೆ ಸೋಲುತ್ತಾನೆ ಎಂದು ಲೊಯೋಲದ ಸಂತ ಇಗ್ನೇಷಿಯಸ್ 16ನೇ ಶತಮಾನದಲ್ಲೇ ಎಚ್ಚರಿಸಿದ್ದರು.

ಮೂರು ಲೆಕ್ಕ ಬೇಗ ಮುಗಿಸೋಣ. 21 ದಿನ ಬಂದದ್ದು ಬೈಬಲಿನ ದಾನಿಯೇಲ ಗ್ರಂಥದ 10ನೇ ಅಧ್ಯಾಯದಿಂದ. ಅವನು ಅಲ್ಲಿ ಬಿಟ್ಟದ್ದು ರುಚಿಯಾದ ಊಟ, ಮಾಂಸ, ದ್ರಾಕ್ಷಾರಸ, ಎಲ್ಲ ಊಟವನ್ನಲ್ಲ. ನಿಮಗೆ ಉಪವಾಸ ಮಾಡಬೇಕೆನಿಸಿದರೆ ಮಲಗುವ ಒಂದು ಗಂಟೆ ಮೊದಲು ಮೊಬೈಲ್ ಬಿಡಿ. ತಂದೆಯ ದೋಷಫಲವನ್ನು ಮಗ ಹೊರಬೇಕಾಗಿಲ್ಲ ಎಂದು ಯೆಹೆಜ್ಕೇಲ 18:20ರಲ್ಲಿದೆ. ಅಜ್ಜಿಯ ಲೆಕ್ಕ ನಿಮ್ಮ ತಲೆಗೆ ಬರುವುದಿಲ್ಲ. ದೇವರ ವರಕ್ಕೆ ದುಡ್ಡು ತಂದ ಸೀಮೋನನಿಗೆ ಪೇತ್ರ ಏನೆಂದನೆಂದು ಅಪೊಸ್ತಲರ ಕೃತ್ಯಗಳು 8ರಲ್ಲಿ ಓದಿ, ಆಮೇಲೆ 15 ಸಾವಿರ ಎಣಿಸಿ.

ದಿನದ ಹೋರಾಟಕ್ಕೆ ಹತ್ತು ನಿಮಿಷ ಸಾಕು. ಪದೇಪದೇ ಚುಚ್ಚುವ ಒಂದೇ ಯೋಚನೆಯನ್ನು, "ದೇವರು ನನ್ನ ಕೈಬಿಟ್ಟ" ಎಂಬಂಥದ್ದನ್ನು, ಹಾಳೆಯ ಎಡಕ್ಕೆ ಬರೆಯಿರಿ. ಬಲಕ್ಕೆ ಅದಕ್ಕೆ ನೇರ ಉತ್ತರವಾಗುವ ಒಂದೇ ವಚನ, ಇಲ್ಲಿ ರೋಮಾಪುರದವರಿಗೆ 8:38-39. ಅಡವಿಯಲ್ಲಿ ಯೇಸು ಮಾಡಿದ್ದೂ ಇದೇ: ಸೈತಾನ ಒಡ್ಡಿದ ಮೂರು ಶೋಧನೆಗೆ (ಆಮಿಷಕ್ಕೆ) ಬೈಬಲಿನ ಧರ್ಮೋಪದೇಶಕಾಂಡದ ಮೂರು ಮಾತು. ವಚನವನ್ನು ಮಂತ್ರದಂತೆ ನೂರು ಸಲ ಹೇಳಿ ಪ್ರಯೋಜನವಿಲ್ಲ. 91ನೇ ಕೀರ್ತನೆಯನ್ನು ಅಲ್ಲಿ ಉಲ್ಲೇಖಿಸಿದವನು ಸೈತಾನನೇ. ಇನ್ನೊಂದು ಗುರುತು: ಪವಿತ್ರಾತ್ಮ ಎಚ್ಚರಿಸಿದರೆ ಇಂಥ ತಪ್ಪು, ಹೀಗೆ ಸರಿಪಡಿಸು ಎಂಬುದು ಸ್ಪಷ್ಟವಾಗಿರುತ್ತದೆ. "ನೀನು ಯಾವುದಕ್ಕೂ ಬಾರದವಳು" ಎಂಬ ಮಂಜಿನಂಥ ಮಾತು ದೂರುಗಾರನದು, ಅಂದರೆ ಸೈತಾನನದು.

ಭಾನುವಾರ ಆರಾಧನೆ ಮುಗಿದ ಮೇಲೆ ಯಜಮಾನರ ಜೊತೆ ಸಭಾಪಾಲಕರನ್ನು ಕಂಡು ಎಲ್ಲವನ್ನೂ ಹೇಳಿ, ಮಾತ್ರೆಯ ಹೆಸರು ಸಹಿತ. ಅತ್ತಿಗೆಯ ಮೇಲೆ ಸಿಟ್ಟಾಗಬೇಡಿ, ಪ್ರೀತಿಯಿಂದಲೇ ಕರೆದೊಯ್ದಿದ್ದಾರೆ. ಮತ್ತೆ ಕೂಟಕ್ಕೆ ಕರೆದರೆ, "ಅವತ್ತು ಡಾಕ್ಟರ ಹತ್ತಿರ ಹೋಗೋದಿದೆ ಅತ್ತಿಗೆ, ನೀವೂ ಜೊತೆಗೆ ಬನ್ನಿ" ಎನ್ನಿ.